ಹೊರನಾಡಿನ ವ್ಯಾಸಂಗವೂ ಹೂಡಿಯ ಕಾಲುವೆಯೂ

ಹೂಡಿಯ ಯಾವ ಬೀದಿಯಲ್ಲಿ ವಿಚಾರಿಸಿದರೂ ಹೊರನಾಡಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮಗನೋ ಮಗಳೋ ಉಳ್ಳ ಮನೆಯೊಂದು ಸಿಕ್ಕೀತು. ರಾಗಿ ಬೆಳೆಯುತ್ತಿದ್ದ ಹೊಲ ನಿವೇಶನವಾಯಿತು. ನಿವೇಶನವು ಬ್ಯಾಂಕಿನಲ್ಲಿ ಅಡವಾಗಿ ಅಮೆರಿಕದ ಶುಲ್ಕವಾಯಿತು. ಇದಕ್ಕಾಗಿ ಯಾರನ್ನೂ ಹಳಿಯಬೇಕಾದುದಿಲ್ಲ. ಮದುವೆಗೆ ಸಾಲ ಮಾಡುವುದಕ್ಕಿಂತ ವಿದ್ಯೆಗೆ ಸಾಲ ಮಾಡುವುದು ಮೇಲು. ಆದರೆ ಸಾಲಪತ್ರಕ್ಕೆ ರುಜು ಹಾಕುವಾಗ ತಂದೆಯಾದವನ ಬಾಯಲ್ಲಿ ಬರುವ ಮಾತೊಂದುಂಟು: "ಇಲ್ಲಿ ಓದಿದ್ದು ಪುಸ್ತಕ, ಅಲ್ಲಿ ಓದುವುದು ಕಸುಬು." ಈ ಮಾತು ಅರ್ಧ ನಿಜ. ಉಳಿದರ್ಧದಿಂದ ಆಗಿರುವ ನಷ್ಟವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ನಿಜವಾದುದನ್ನು ಮೊದಲು ಒಪ್ಪಬೇಕು. ಜರ್ಮನಿಯ ಅನೇಕ ತಾಂತ್ರಿಕ ವಿಶ್ವವಿದ್ಯಾನಿಲಯಗಳಲ್ಲಿ ಯಂತ್ರಶಾಸ್ತ್ರವನ್ನು ಓದುವವನು ಕೆಲವು ವಾರಗಳ ಕಾಲ ಕಾರ್ಖಾನೆಯಲ್ಲಿ ಅರ ಹಿಡಿದು, ಬೆಸುಗೆ ಹಾಕಿ, ಲೇತಿನ ಮುಂದೆ ನಿಂತು ಬಂದಿರಬೇಕು. ಹಾಗಲ್ಲದೆ ಪದವಿಯಿಲ್ಲ. ಹಿಂದಿನ ವರ್ಷದವನ ರೆಕಾರ್ಡ್ ಪುಸ್ತಕವನ್ನು ನೋಡಿ ನಕಲು ಮಾಡಿ ಪ್ರಯೋಗಶಾಲೆಯನ್ನು ದಾಟಿದ ಹುಡುಗನಿಗೆ ಇದು ಹೊಸ ಜನ್ಮವೇ ಸರಿ.

ಕೆನಡಾಕ್ಕೆ ಹೋದವನು ಇನ್ನೂ ಗಂಭೀರವಾದುದೊಂದನ್ನು ಕಾಣುತ್ತಾನೆ. ಅಲ್ಲಿ ಎಂಜಿನಿಯರಿಂಗ್ ಮುಗಿಸಿದವರು ಕೆಲಸ ಮಾಡುವ ಕೈಯ ಕಿರುಬೆರಳಿಗೆ ಒಂದು ಸಾದಾ ಉಂಗುರವನ್ನು ತೊಡುತ್ತಾರೆ. 1925ರಲ್ಲಿ ಮೊದಲಾದ ಈ ಪದ್ಧತಿಯಲ್ಲಿ ಅಲಂಕಾರದ ಉದ್ದೇಶವಿಲ್ಲ; ನಕ್ಷೆ ಬರೆಯುವಾಗ ಕಾಗದಕ್ಕೆ ತಗುಲಿ, ಹೊಣೆಯನ್ನು ನೆನಪಿಸಬೇಕೆಂದು ಅದು ಅಲ್ಲಿದೆ. ಈ ಉಂಗುರದ ಮಾತು ಬಂದಲ್ಲೆಲ್ಲ ಸ್ಮರಣೆಗೆ ಬರುವುದು ಕ್ವಿಬೆಕ್ ಸೇತುವೆ. ಆ ಸೇತುವೆಯ ಕಂಬಗಳ ನಡುವಣ ಅಂತರವನ್ನು 1600 ಅಡಿಯಿಂದ 1800 ಅಡಿಗೆ ಹೆಚ್ಚಿಸಿದರು. ಸೇತುವೆಯ ಸ್ವಂತ ಭಾರವನ್ನು ಮಾತ್ರ ಸಕಾಲದಲ್ಲಿ ಮರಳಿ ಲೆಕ್ಕ ಹಾಕಲಿಲ್ಲ. ಸಲಹೆಗಾರನಾದ ಥಿಯೊಡೋರ್ ಕೂಪರನು ನ್ಯೂಯಾರ್ಕಿನಲ್ಲಿದ್ದನು. ಸ್ಥಳದಲ್ಲಿದ್ದ ತರುಣ ಎಂಜಿನಿಯರನು ಉಕ್ಕಿನ ತೊಲೆ ಬಾಗಿದುದನ್ನು ಕಂಡು ರೈಲು ಹತ್ತಿ ಅವನಲ್ಲಿಗೆ ಹೋಗಿ ತಿಳಿಸುವಷ್ಟರಲ್ಲಿ ಹೊತ್ತು ಮೀರಿತ್ತು. 1907ರ ಆಗಸ್ಟ್ 29ರಂದು ಸೇತುವೆ ಕುಸಿದು 75 ಮಂದಿ ಸತ್ತರು. ನಿವೇಶನವನ್ನು ನೋಡದೆ ನಕ್ಷೆಗೆ ಒಪ್ಪಿಗೆ ಕೊಡುವವರ ಸಂಖ್ಯೆ ಬೆಂಗಳೂರಿನ ಸುತ್ತಮುತ್ತ ಎಷ್ಟಿದೆಯೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಅದೇ 1907ರಲ್ಲಿ ಅಮೆರಿಕದ ವಯೋಮಿಂಗ್ ಸಂಸ್ಥಾನವು ಎಂಜಿನಿಯರನು ಸರಕಾರದ ಪರವಾನಗಿ ಪಡೆಯಬೇಕೆಂದು ಆ ದೇಶದಲ್ಲೇ ಮೊದಲ ಕಾನೂನನ್ನು ಮಾಡಿತು. ಕಾರಣ ನೀರು. ನದಿಯ ನೀರಿನ ಹಕ್ಕು ಕೇಳುವವರು ಸಲ್ಲಿಸುತ್ತಿದ್ದ ನಕ್ಷೆಗಳನ್ನು ವಕೀಲರೂ ಕರಾರುಪತ್ರ ಬರೆಯುವವರೂ ಎಂಜಿನಿಯರರೆಂದು ರುಜು ಹಾಕಿ ಕಳುಹಿಸುತ್ತಿದ್ದರು. ಅಳತೆ ಒಂದೂ ಸರಿಯಿರುತ್ತಿರಲಿಲ್ಲ. ಭಾರತದಲ್ಲಿ ವಾಸ್ತುಶಿಲ್ಪಿಗಳಿಗಾಗಿ 1972ರಲ್ಲಿ ಶಾಸನ ಬಂದಿತು. ಎಂಜಿನಿಯರರಿಗೆ ಅದರ ತರುವಾಯ ಅರ್ಧ ಶತಮಾನ ಕಳೆದರೂ ಅಂಥ ದೇಶವ್ಯಾಪಿ ಶಾಸನ ಬರಲಿಲ್ಲ.

ಈಗ ಕೇಳಬೇಕಾದ ಪ್ರಶ್ನೆಯಿದು: ಇವುಗಳಲ್ಲಿ ಯಾವುದು ದೊಡ್ಡ ಯಂತ್ರಗಳಿಂದ, ದೊಡ್ಡ ಕಟ್ಟಡಗಳಿಂದ ಬಂದ ವಿದ್ಯೆ? ವಯೋಮಿಂಗಿನವರು ತಮ್ಮ ನೀರಿನ ಜಗಳದಿಂದ ಕಲಿತರು, ಕೆನಡಾದವರು ತಮ್ಮ ನದಿಯಲ್ಲಿ ಬಿದ್ದ ಹೆಣಗಳಿಂದ ಕಲಿತರು. ಹೊರನಾಡಿನಲ್ಲಿ ವಿದ್ಯಾರ್ಥಿಯು ತನ್ನ ಕಸುಬಿನ ವಿಷಯದಲ್ಲಿ ಕಲಿಯಬಹುದಾದ ಮುಖ್ಯ ಪಾಠವೇ ಇದು. ಎಂಜಿನಿಯರನಾದವನು ತಾನು ನಿಂತ ನೆಲಕ್ಕೆ ಉತ್ತರ ಹೇಳಬೇಕಾದವನು. ಮನೆಯವರು ಕೇಳುವುದಾದರೂ ಏನು? "ವರ್ಷಕ್ಕೆ ಎಷ್ಟು ಡಾಲರು?" ಉಂಗುರದ ಕಥೆಯನ್ನು ಹೇಳಲು ಹುಡುಗ ಬಾಯಿ ತೆರೆದರೆ ಅಷ್ಟರಲ್ಲಿ ಹೆಣ್ಣಿನ ಕಡೆಯವರು ಬಂದಿರುತ್ತಾರೆ.

ಹಿಂದೆ ಹೋಗಿಬಂದವರ ರೀತಿ ಬೇರೆಯಾಗಿತ್ತು. ವಿಶ್ವೇಶ್ವರಯ್ಯನವರು ಓದಿದ್ದು ಪುಣೆಯಲ್ಲಿ. ಹೊರನಾಡಿನ ಪದವಿಗಾಗಿ ಅವರು ಹಡಗು ಹತ್ತಲಿಲ್ಲ. ಸಕ್ಕರಿನ ನೀರಿನ ಕೆಲಸವನ್ನು ಮುಗಿಸಿ, ಹತ್ತಾರು ವರ್ಷ ನೆಲದ ಮೇಲೆ ಓಡಾಡಿ, 1898ರಲ್ಲಿ ಜಪಾನಿಗೆ ಹೋದರು. ಪ್ರಶ್ನೆಗಳನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋದವರಿಗೆ ಅಲ್ಲಿ ಉತ್ತರ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ವಿಷ್ಣು ಮಾಧವ ಘಾಟಗೆಯವರು ಗೋಟಿಂಗೆನ್ನಿನಲ್ಲಿ ಪ್ರಾಂಟಲರ ಬಳಿ ವಾಯುಚಲನೆಯನ್ನು ಅಭ್ಯಸಿಸಿ ಮರಳಿದರು. ಹೂಡಿಗೆ ಬಹುದೂರವಿಲ್ಲದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ವಿಮಾನವು 1951ರಲ್ಲಿ ಹಾರಿತು.

ಇವರೆಲ್ಲರಿಗಿಂತ ಇಲ್ಲಿ ನೆನೆಯಬೇಕಾದವರು ರಾಜೇಶ್ವರಿ ಚಟರ್ಜಿಯವರು. ಮೈಸೂರು ಸೀಮೆಯಲ್ಲಿ ಮೊದಮೊದಲು ಪದವಿ ಪಡೆದ ಹೆಂಗಸರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿದವರು. ಸರಕಾರದ ವಿದ್ಯಾರ್ಥಿವೇತನದ ಮೇಲೆ ಮಿಚಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಸ್ನಾತಕೋತ್ತರ ಪದವಿಯ ಬಳಿಕ ಎಂಟು ತಿಂಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೋ ತರಂಗಗಳ ಅಳತೆಯನ್ನು ಕೈಯಾರ ಕಲಿತರು. ಡಾಕ್ಟರೇಟ್ ಪಡೆದುಕೊಂಡು 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ, ಪತಿಯೊಡನೆ ಸೂಕ್ಷ್ಮ ತರಂಗಗಳ ಸಂಶೋಧನೆಗೆ ಪ್ರಯೋಗಶಾಲೆಯೊಂದನ್ನು ಕಟ್ಟಿದರು, ಶಿಷ್ಯರನ್ನು ತಯಾರುಮಾಡಿದರು. ಆ ಎಂಟು ತಿಂಗಳ ಅಳತೆಯ ಅಭ್ಯಾಸದ ಬೆಲೆಯನ್ನು ಸಂಬಳದ ಪಟ್ಟಿಯಲ್ಲಿ ಹುಡುಕಿದರೆ ಸಿಕ್ಕದು.

ಹೀಗೆಂದರೆ ತಕ್ಷಣ ಬರುವ ಆಕ್ಷೇಪಣೆ ಗೊತ್ತಿದ್ದುದೇ: ಅವರ ಕಾಲದಲ್ಲಿ ಮರಳಿದವರಿಗೆ ಕಟ್ಟುವ ಕೆಲಸ ಕಾದಿತ್ತು; ಈಗ ಮರಳಿದವನನ್ನು ಕೇಳುವವರು ಯಾರು? ಆಕ್ಷೇಪಣೆಯಲ್ಲಿ ಹುರುಳಿದೆ. ಅಲ್ಲಿ ಕಲಿತ ಶಿಸ್ತನ್ನು ಇಲ್ಲಿಯ ಗುತ್ತಿಗೆದಾರನ ಮುಂದೆ ಹೇಳಿದವನು ನಗೆಪಾಟಲಾದ ಪ್ರಸಂಗಗಳು ಇಲ್ಲದಿಲ್ಲ. ಆದರೆ ಕೆಲಸವೇ ಇಲ್ಲವೆಂಬ ಮಾತನ್ನು ಮಾತ್ರ ಹೂಡಿಯಲ್ಲಿ ನಿಂತು ಆಡಬಾರದು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರದ ಕಡೆಯ ರಸ್ತೆಗಳೂ ಬಡಾವಣೆಗಳೂ ಮುಳುಗಿ, ಜಗತ್ತಿನ ಕಂಪೆನಿಗಳಿಗೆ ಲೆಕ್ಕ ಮಾಡಿಕೊಡುವ ಎಂಜಿನಿಯರರು ಟ್ರ್ಯಾಕ್ಟರಿನ ಮೇಲೆ ನಿಂತು ಕಚೇರಿಗೆ ಹೋದರು. ಈ ಸೀಮೆಯ ಕೆರೆಗಳು ಸರಪಣಿಯಂತೆ ಒಂದರ ಕೆಳಗೊಂದು ಕಟ್ಟಿದವು. ಮೇಲಣ ಕೆರೆಯ ಕೋಡಿ ಬಿದ್ದ ನೀರು ಕಾಲುವೆ ಹಿಡಿದು ಕೆಳಗಣ ಕೆರೆಗೆ ಹೋಗಬೇಕು. ಯಾವ ಪಾಠಶಾಲೆಯ ಮೆಟ್ಟಿಲನ್ನೂ ಹತ್ತದ ನೀರಗಂಟಿಗೆ ಅದರ ಇಳಿಜಾರು ಬಾಯಿಪಾಠವಾಗಿತ್ತು. ತೂಬನ್ನು ಎಷ್ಟು ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದಕ್ಕೆ ಅವನು ಊರಿಗೆಲ್ಲ ಉತ್ತರ ಹೇಳಬೇಕಾಗಿತ್ತು. ಉಂಗುರವಿಲ್ಲದಿದ್ದರೂ ಹೊಣೆಯಿತ್ತು. ಆ ಕಾಲುವೆಗಳ ಮೇಲೆ ಕಾಂಪೌಂಡು ಗೋಡೆ ಎದ್ದಾಗ ಅದರ ನಕ್ಷೆಗೆ ರುಜು ಹಾಕಿದವನು ನೀರಗಂಟಿಯಾಗಿರಲಾರ, ಪದವೀಧರನೇ ಆಗಿದ್ದಿರಬೇಕು.

ಕಾಲೇಜುಗಳವರಿಗೂ ಒಂದು ಮಾತು ಸಲ್ಲಬೇಕು. ಜಲವಿಜ್ಞಾನದ ಪಠ್ಯದಲ್ಲಿ ಹೊರದೇಶದ ನದಿಯ ಲೆಕ್ಕಗಳನ್ನು ಕಂಠಪಾಠ ಮಾಡಿಸುವ ಅಧ್ಯಾಪಕನು ವಿದ್ಯಾರ್ಥಿಗಳನ್ನು ಒಂದು ಮಳೆಗಾಲದ ಮಧ್ಯಾಹ್ನ ಹೂಡಿಯ ಕೆರೆಯ ಏರಿಯ ಮೇಲೆ ನಿಲ್ಲಿಸಿ, ಲೆವೆಲ್ ಯಂತ್ರವನ್ನು ಕೈಗೆ ಕೊಟ್ಟು, ಕೋಡಿಯಿಂದ ಕೆಳಕ್ಕೆ ನೀರಿನ ಜಾಡನ್ನು ಅಳೆಯಿಸಿದರೆ ಖರ್ಚೇನು? ಬಸ್ಸಿನ ಚಾರ್ಜು. 2023ರ ಮಾರ್ಚಿನಿಂದ ಮೆಟ್ರೋ ರೈಲೂ ಹೂಡಿಯಲ್ಲಿ ನಿಲ್ಲುತ್ತಿದೆ. ಹಾಗೆ ಅಳೆದವನು ಆ ಬಳಿಕ ಜರ್ಮನಿಗಾಗಲಿ ಕೆನಡಾಕ್ಕಾಗಲಿ ಹೋಗಲಿ. ಅಲ್ಲಿಯ ಗುರುಗಳನ್ನು ಏನು ಕೇಳಬೇಕೆಂಬುದು ಅವನಿಗೆ ಗೊತ್ತಿರುತ್ತದೆ.

ಸಾಲಪತ್ರಕ್ಕೆ ರುಜು ಹಾಕುವ ತಂದೆಯೂ ಅದಕ್ಕೆ ಮುಂಚೆ ಒಂದು ಸಣ್ಣ ಪರೀಕ್ಷೆಯನ್ನು ನಡೆಸಬಹುದು. ಮಗನನ್ನು ಮನೆಯ ಮಾಳಿಗೆಗೆ ಕರೆದೊಯ್ದು, ಅಲ್ಲಿ ಬಿದ್ದ ಮಳೆಯ ನೀರು ಯಾವ ಮೋರಿಗೆ ಇಳಿದು, ಎಲ್ಲಿ ತಿರುಗಿ, ಯಾವ ಕೆರೆಯನ್ನು ಸೇರುತ್ತದೆಂದು ಕೇಳಲಿ. ಮಗ ಉತ್ತರ ಹೇಳದಿದ್ದರೆ ಇಬ್ಬರೂ ಕೆಳಗಿಳಿದು, ಮೋರಿಯ ಗುಂಟ ನಡೆದು ನೋಡಿ ಬರಲಿ. ಬ್ಯಾಂಕು ಮರುದಿನವೂ ತೆರೆದಿರುತ್ತದೆ.