ಮಾದರಿ ಎಂಜಿನ್ನಿಗೆ ಮಸಿ ಬೇಕೇ?

ಉಗಿ ಎಂಜಿನ್ನಿನ ಚಿಕ್ಕ ಮಾದರಿಗಳನ್ನು ಮಾಡುವವರಲ್ಲಿ ಎರಡು ಪಂಗಡಗಳುಂಟು. ತಿಂಗಳುಗಟ್ಟಲೆ ದುಡಿದು ಮಾಡಿದ ಎಂಜಿನ್ನು ಮದುವಣಗಿತ್ತಿಯಂತೆ ಹೊಳೆಯಬೇಕೆಂಬುದು ಒಂದು ಪಂಗಡದ ಮತ. ದುಡಿಯುವ ಎಂಜಿನ್ನಿಗೆ ಮಸಿಯೇ ಶೋಭೆ, ಬಣ್ಣ ಹಚ್ಚಿದ ಮೇಲೆ ಹೊಗೆ, ಎಣ್ಣೆ, ತುಕ್ಕುಗಳ ಕಲೆಯನ್ನೂ ಮೂಡಿಸಬೇಕೆಂಬುದು ಇನ್ನೊಂದರ ವಾದ. ಇಬ್ಬರೂ ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಮರೆತಿದ್ದಾರೆಂದು ನನ್ನ ಅಭಿಪ್ರಾಯ. ಆ ಪ್ರಶ್ನೆ ಇಷ್ಟೇ: ಇದು ಯಾವ ವರ್ಷದ ಎಂಜಿನ್ನು?

ಇಂಗ್ಲೆಂಡಿನ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಜಿನ್ನನ್ನೇ ನೋಡೋಣ. ನೈಜೆಲ್ ಗ್ರೆಸ್ಲಿಯ ವಿನ್ಯಾಸದಂತೆ 1923ರಲ್ಲಿ ಡಾಂಕಾಸ್ಟರಿನ ಕಾರ್ಖಾನೆಯಲ್ಲಿ ಇದು ಸಿದ್ಧವಾಯಿತು. 1930ರ ದಶಕದಲ್ಲಿ ಅದಕ್ಕೆ ಎಳೆಹಸುರು ಬಣ್ಣ, 4472 ಎಂಬ ಸಂಖ್ಯೆ. ಯುದ್ಧ ಬಂದಿತು, 1943ರಲ್ಲಿ ಅದಕ್ಕೂ ಕಪ್ಪು ಬಳಿದರು. 1948ರಲ್ಲಿ ಸಂಖ್ಯೆ 60103 ಆಯಿತು. ಬಳಿಕ ಕೆಲಕಾಲ ನೀಲಿ, ಅನಂತರ ಕಡುಹಸುರು. ಹೊಗೆಯನ್ನು ಚಾಲಕನ ಕಣ್ಣಿಗೆ ಅಡ್ಡಬಾರದಂತೆ ಮೇಲಕ್ಕೆ ತಳ್ಳುವ ತಗಡುಗಳು ಅದರ ಮುಂಭಾಗಕ್ಕೆ ಬಂದದ್ದು 1961ರಲ್ಲಿ. ಎರಡೇ ವರ್ಷಕ್ಕೆ, 1963ರ ಜನವರಿಯಲ್ಲಿ, ಅದು ನಿತ್ಯದ ಸೇವೆಯಿಂದ ನಿವೃತ್ತವಾಯಿತು. 1935ರ ಎಂಜಿನ್ನೆಂದು ಹೇಳಿಕೊಳ್ಳುವ ಮಾದರಿಗೆ ಆ ತಗಡುಗಳನ್ನು ಅಂಟಿಸಿದರೆ ಕೈಕೆಲಸ ಎಷ್ಟು ನಯವಾಗಿದ್ದರೇನು? ಅದು ಅಶೋಕನ ಕೈಗೆ ಬಂದೂಕು ಕೊಟ್ಟಂತೆಯೇ ಸರಿ.

ಸಣ್ಣ ಅಂಗಗಳಿಗೂ ಕಾರಣವುಂಟು, ಕಾಲವುಂಟು. 1928ರ ಮೇ 1ರಂದು ಈ ಎಂಜಿನ್ನು ಲಂಡನ್ನಿನಿಂದ ಎಡಿನ್‌ಬರೋಗೆ ಸುಮಾರು 392 ಮೈಲಿಗಳನ್ನು ಎಲ್ಲಿಯೂ ನಿಲ್ಲದೆ ಓಡಿತು. ದಾರಿಯಲ್ಲಿ ಚಾಲಕರು ಬದಲಾಗಬೇಕು. ಅದಕ್ಕಾಗಿ ಕಲ್ಲಿದ್ದಲಿನ ಟೆಂಡರಿನ ಒಂದು ಪಕ್ಕದಲ್ಲಿ ಮನುಷ್ಯ ನುಸುಳುವಷ್ಟು ಇಕ್ಕಟ್ಟಾದ ಓಣಿಯನ್ನು ಮಾಡಿದ್ದರು. ಮಾದರಿಯ ಟೆಂಡರಿನ ಹಿಂಬದಿಯಲ್ಲಿ ಆ ಓಣಿಯ ಬಾಗಿಲನ್ನು ಕೂರಿಸುವವನು ಅಲಂಕಾರ ಮಾಡುತ್ತಿಲ್ಲ. ಹಿಂದಿನವರ ಜಾಣ್ಮೆಯೊಂದನ್ನು ದಾಖಲೆ ಮಾಡುತ್ತಿದ್ದಾನೆ.

ಇನ್ನು ಮಸಿಯ ಮಾತು. ಅದೂ ಮನಬಂದಂತೆ ಬೀಳುವುದಿಲ್ಲ. ಹೊಗೆಯ ಕರಿ ಚಿಮಣಿಯ ಸುತ್ತಲೂ ಬಾಯ್ಲರಿನ ನೆತ್ತಿಯ ಮೇಲೂ ಕೂರುತ್ತದೆ. ಗಡಸು ನೀರು ಸೋರಿ ಆರಿದಲ್ಲಿ ಬಿಳಿಯ ಗೆರೆ ಉಳಿಯುತ್ತದೆ. ಬ್ರೇಕಿನ ಕಂದು ಧೂಳು ಚಕ್ರಗಳ ಬಳಿ ಸೇರುತ್ತದೆ. ಯುದ್ಧಕ್ಕೆ ಮುಂಚೆ ಹೆಸರಾಂತ ಎಂಜಿನ್ನುಗಳನ್ನು ಶ್ರದ್ಧೆಯಿಂದ ಒರೆಸಿಡುತ್ತಿದ್ದರು. ಹಾಗಾಗಿ 1935ರ ಮಾದರಿಗೆ ಹೊಳಪು ಒಪ್ಪುತ್ತದೆ, 1944ರದಕ್ಕೆ ಮಸಿ ಒಪ್ಪುತ್ತದೆ.

ಆದರೂ ಹೊಳಪಿಗೊಂದು ಮಿತಿ ಬೇಕು. ಅಡಿಗೆ 4 ಮಿಲಿಮೀಟರಿನ ಲೆಕ್ಕದಲ್ಲಿ ಮಾದರಿಯು ಮೂಲದ ಸುಮಾರು 76ನೆಯ ಒಂದು ಭಾಗ. ಅದನ್ನು 2 ಅಡಿ ದೂರದಿಂದ ನೋಡುವುದೆಂದರೆ ನಿಜವಾದ ಎಂಜಿನ್ನನ್ನು 150 ಅಡಿಗಳಾಚೆಯಿಂದ ನೋಡಿದಂತೆ. ಅಷ್ಟು ದೂರಕ್ಕೆ ಬಣ್ಣ ತುಸು ಮಾಸಿ ಕಾಣುತ್ತದೆ, ಮೊಳೆಗಳ ತಲೆ ಕಂಡೂ ಕಾಣದಂತಿರುತ್ತದೆ. ದಪ್ಪನಾದ ಬಣ್ಣ, ಕನ್ನಡಿಯಂಥ ವಾರ್ನಿಷು, ಗುಂಡುಸೂಜಿಯ ತಲೆಯಷ್ಟು ದೊಡ್ಡ ಮೊಳೆಗಳು ಎಂಜಿನ್ನನ್ನು ಆಟಿಕೆಯಾಗಿಸುತ್ತವೆ. ತೆಳುವಾದ ಲೇಪ, ಮೇಲೆ ಹೊಳಪು ತಗ್ಗಿಸಿದ ವಾರ್ನಿಷು, ಇಷ್ಟು ಸಾಕು.

‘ಇದೆಲ್ಲ ಬರಿಯ ಹವ್ಯಾಸ, ಯಾರು ಗಮನಿಸುತ್ತಾರೆ?’ ಎನ್ನಬಹುದು. ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿಯ ನಿತ್ಯಸೇವೆ 1968ರಲ್ಲೇ ಮುಗಿಯಿತು. ಆ ದಿನಗಳನ್ನು ಕಾಣದವರಿಗೆ ಅವು ತಿಳಿಯುವುದು ಚಿತ್ರಗಳಿಂದ, ವಸ್ತುಸಂಗ್ರಹಾಲಯಗಳಿಂದ, ಇಂಥ ಮಾದರಿಗಳಿಂದ. ಎಲ್ಲ ಮಾದರಿಗಳೂ ಎಳೆಹಸುರಾಗಿ ಹೊಳೆದರೆ, ಯುದ್ಧಕಾಲದ ಕಪ್ಪನ್ನೂ ಆ ಮಸಿಯಲ್ಲಿ ಮಿಂದು ದುಡಿದವರನ್ನೂ ನಾವು ಒರೆಸಿಹಾಕಿದಂತಾಗುತ್ತದೆ.

ಚರಿತ್ರೆಯನ್ನು ಓದುವ ನಮಗೆ ಇದು ಪರಿಚಿತವಾದ ಪಾಠವೇ. ಪ್ರಿಯವಾದುದನ್ನು ಚೆಂದಗಾಣಿಸುವ ಆಸೆ ಎಲ್ಲರಿಗೂ ಉಂಟು. ಅದನ್ನು ಅದರ ಕಾಲದಲ್ಲಿಟ್ಟು, ಇದ್ದಂತೆ ತೋರಿಸುವುದು ಅದಕ್ಕಿಂತ ದೊಡ್ಡ ಪ್ರೀತಿ. ಕುಂಚವನ್ನು ಅದ್ದುವ ಮೊದಲು ಇಸವಿಯನ್ನು ಗೊತ್ತುಮಾಡಿಕೊಳ್ಳೋಣ.