ಗ್ರಹಣವೂ ಪರಿಚಿತರ ಮಾತೂ

1980ರ ಫೆಬ್ರುವರಿ 16ರ ಅಪರಾಹ್ನ ಚಂದ್ರನ ದಟ್ಟ ನೆರಳು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮೇಲೆ ಹಾದುಹೋಯಿತು. ಖಗ್ರಾಸ ಸೂರ್ಯಗ್ರಹಣವನ್ನು ಮನೆಯಂಗಳದಿಂದಲೇ ಕಾಣಬಹುದಾಗಿದ್ದ ಈ ಸೀಮೆಯಲ್ಲಿ ಇಂದಿಗೂ, ಗ್ರಹಣ ಸಮೀಪಿಸಿತೆಂದರೆ, ನಮ್ಮ ಪರಿಚಿತರಿಂದ ವಾಟ್ಸಾಪಿನಲ್ಲಿ ಎಚ್ಚರಿಕೆಗಳು ಬರತೊಡಗುತ್ತವೆ: ಅನ್ನ ವಿಷವಾದೀತು, ಗರ್ಭಿಣಿ ಹೊರಬಂದರೆ ಶಿಶುವಿಗೆ ಊನವಾದೀತು ಎಂದು.

ಗ್ರಹಣದಲ್ಲಿ ನಡೆಯುವುದಾದರೂ ಏನು? ಸೂರ್ಯನ ಬೆಳಕಿಗೆ ಚಂದ್ರನು ಅಡ್ಡಬರುತ್ತಾನೆ, ಅಷ್ಟೆ. ಹೊಸ ಕಿರಣವಾವುದೂ ಹುಟ್ಟುವುದಿಲ್ಲ. ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ಅಕ್ಷಿಪಟಲಕ್ಕೆ ಅಪಾಯವುಂಟು. ಗ್ರಹಣವಿಲ್ಲದ ದಿನವೂ ಅದು ಉಂಟು.

ನಿರುಪದ್ರವಿಯಾದ ನಂಬಿಕೆಯೆಂದು ಸುಮ್ಮನಿರೋಣವೇ? 2019ರ ಡಿಸೆಂಬರ್ 26ರ ಗ್ರಹಣದಂದು, ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ನೀಗೀತೆಂಬ ಆಸೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಯಿತು. ಬಲ್ಲವರ ಮೌನದ ಬೆಲೆಯನ್ನು ಇಂಥ ಮಕ್ಕಳು ತೆರಬೇಕಾಗುತ್ತದೆ.

ಪರಿಚಿತರನ್ನು ಹೀಯಾಳಿಸಿದರೆ ಅವರು ದೂರವಾಗುತ್ತಾರೆ, ಮಾತೂ ನಿಲ್ಲುತ್ತದೆ. ‘ಇದನ್ನು ಯಾರು, ಎಲ್ಲಿ ಪರೀಕ್ಷಿಸಿದರು?’ ಎಂದು ವಿನಯದಿಂದ ಕೇಳುವುದೇ ಉಚಿತವೆಂದು ನಮ್ಮ ಮತ. 2027ರ ಆಗಸ್ಟ್ 2ರಂದು ನಮ್ಮಲ್ಲಿ ಖಂಡಗ್ರಾಸ ಸೂರ್ಯಗ್ರಹಣವಿದೆ. ಅಂದು ಜೋಳದ ರೊಟ್ಟಿಗಳನ್ನು ಮೊದಲೇ ಸುಟ್ಟಿಟ್ಟು, ಗ್ರಹಣ ಬಿಟ್ಟ ಬಳಿಕ ಅವರೆದುರಿಗೆ ನಾವೇ ಮೊದಲು ತಿನ್ನೋಣ.