ವಿದ್ಯೆಯೂ ವೃತ್ತಿಯೂ

ಕಾಲೇಜುಗಳು ಬಾಗಿಲು ತೆರೆಯುವ ಕಾಲದಲ್ಲಿ ಪ್ರವೇಶದ ಅರ್ಜಿ ಹಿಡಿದು ಬರುವ ತಂದೆತಾಯಿಗಳು ಅಧ್ಯಾಪಕರ ಮುಂದೆ ಇಡುವ ಪ್ರಶ್ನೆ ಒಂದೇ: “ಇದನ್ನು ಓದಿದರೆ ನಮ್ಮ ಹುಡುಗನಿಗೆ ಯಾವ ಕೆಲಸ ಸಿಕ್ಕುತ್ತದೆ?” ಈ ಪ್ರಶ್ನೆಯನ್ನು ಕೇಳಿ ಮುಗುಳುನಗುವ ವಿದ್ವಾಂಸರುಂಟು, ವಿದ್ಯೆಯನ್ನು ಸಂಬಳದ ತಕ್ಕಡಿಯಲ್ಲಿ ತೂಗಬಾರದೆಂದು ಉಪದೇಶಿಸುವವರೂ ಉಂಟು. ಸಾಲ ಮಾಡಿ ಶುಲ್ಕ ಕಟ್ಟುವವನ ಮುಂದೆ ಆ ಉಪದೇಶ ಸಲ್ಲದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರಲ್ಲಿ ಕಾಲದ ಒಂದು ತೊಡಕಿದೆ. ತಂದೆ ಕೇಳುವುದು ಇಂದು ಕಣ್ಣಿಗೆ ಕಾಣುವ ಕೆಲಸವನ್ನು ಕುರಿತು. ಮಗ ದುಡಿಯಬೇಕಾದದ್ದು ಮುಂದಿನ ನಲವತ್ತು ವರ್ಷ. ಅಷ್ಟು ಕಾಲವೂ ಆ ಕೆಲಸ ಹೀಗೆಯೇ ಇರುವುದೆಂದು ಯಾರೂ ಭರವಸೆ ಕೊಡಲಾರರು.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ಓದುಗರ ಮುಂದಿರುವ ಈ ಪುಟವೇ ಸಾಕು. ಕಳೆದ ಶತಮಾನದ ಬಹುಭಾಗ ಕನ್ನಡದ ಪತ್ರಿಕೆಗಳೂ ಪುಸ್ತಕಗಳೂ ಸೀಸದ ಅಚ್ಚುಮೊಳೆಗಳಿಂದ ಮುದ್ರಿತವಾದವು. ಕಾಗುಣಿತ, ಒತ್ತಕ್ಷರಗಳ ದೆಸೆಯಿಂದ ಕನ್ನಡಕ್ಕೆ ನೂರಾರು ಮೊಳೆಗಳು ಬೇಕಾಗಿದ್ದವು. ಯಾವ ಮೊಳೆ ಯಾವ ಮನೆಯಲ್ಲಿದೆಯೆಂಬುದನ್ನು ಬೆರಳಿನಿಂದಲೇ ಬಲ್ಲವನಾಗಿ, ತಿರುಗುಮುರುಗಾದ ಅಕ್ಷರಗಳನ್ನು ಸರಾಗವಾಗಿ ಓದುತ್ತ ಸಾಲು ಕಟ್ಟುತ್ತಿದ್ದವನ ನೈಪುಣ್ಯ ಸಾಮಾನ್ಯವಾದುದಲ್ಲ. ಒಂದು ಜೀವಮಾನಕ್ಕೆ ಸಾಕಾಗುವ ವಿದ್ಯೆ ಅದೆಂದೇ ಎಲ್ಲರೂ ತಿಳಿದಿದ್ದರು. ಬೆಳಕಿನಿಂದ ಅಕ್ಷರ ಮೂಡಿಸುವ ಯಂತ್ರ ಮೊದಲು ಬಂದಿತು. ಅದರ ಬೆನ್ನಿಗೇ ಕಂಪ್ಯೂಟರ್ ಬಂದಿತು. ಆ ಮೊಳೆಗಳ ಕಾಲ ಮುಗಿಯಿತು.

ಈ ಪಲ್ಲಟದಲ್ಲಿ ಕನ್ನಡಕ್ಕೆ ದಾರಿ ತೆರೆದವರಲ್ಲಿ ಕೆ.ಪಿ. ರಾವ್ ಅವರು ಪ್ರಮುಖರು. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಅವರು ಕಾಲೇಜಿನಲ್ಲಿ ಓದಿದ್ದು ವಿಜ್ಞಾನವನ್ನು. ಮುಂದೆ ಅವರು ಮುದ್ರಣತಂತ್ರದ ಕಡೆಗೆ ತಿರುಗಿದರು. ಲಿಪಿಗಳ ಅಧ್ಯಯನಕ್ಕೆ ತೊಡಗಿದರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಸರಕಾರ ಅಂಗೀಕರಿಸಿದ ಕನ್ನಡ ಕೀಲಿಮಣೆಗೆ ಆಧಾರವಾದದ್ದು ಆ ವಿನ್ಯಾಸವೇ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟದ್ದು ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನು. ಅವರು ವಿದ್ಯಾರ್ಥಿಯಾಗಿದ್ದಾಗ ಯಾವ ಪಠ್ಯಕ್ರಮವೂ ಅವರನ್ನು ಈ ಕೆಲಸಕ್ಕೆಂದು ಸಿದ್ಧಗೊಳಿಸಿರುವುದು ಸಾಧ್ಯವಿರಲಿಲ್ಲ. ಅಂಥ ಕೆಲಸವೇ ಆಗ ಹುಟ್ಟಿರಲಿಲ್ಲ. ಆದರೆ ಆ ವಿನ್ಯಾಸದ ಮೂಲದಲ್ಲಿರುವ ತಿಳಿವು ಹಳೆಯದು. ನೂರಾರು ಅಕ್ಷರರೂಪಗಳ ಹಿಂದೆ ಇರುವುದು ಕೆಲವೇ ಸ್ವರವ್ಯಂಜನಗಳ ಕೂಟ ಎಂಬ ವ್ಯಾಕರಣದ ಮೊದಲ ಪಾಠವೇ ಹೊಸ ಯಂತ್ರದ ಬೀಗಕ್ಕೆ ಕೀಲಿಯಾಯಿತು. ಆಳವಾಗಿ ತಿಳಿದ ಸಂಗತಿ, ಅದನ್ನು ಕಲಿಸಿದ ಕಾಲ ಕಳೆದ ಮೇಲೂ ಹೊಸ ಕೆಲಸಕ್ಕೆ ಒದಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ನಮ್ಮ ರಾಜ್ಯದಲ್ಲಿ ಉಚ್ಚ ಶಿಕ್ಷಣದ ಚರ್ಚೆ ಈಚೆಗೆ ಬಹುಮಟ್ಟಿಗೆ ವರ್ಷಗಳ ಲೆಕ್ಕದಲ್ಲಿ ಮುಗಿದುಹೋಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದಿತು. 2024ರಲ್ಲಿ ಸರಕಾರ ಮೂರು ವರ್ಷದ ಪದವಿಗೆ ಮರಳಿತು. ಮೂರೋ ನಾಲ್ಕೋ ಎಂಬುದು ಅಲಕ್ಷಿಸಬೇಕಾದ ವಿಷಯವಲ್ಲ. ಆದರೆ ತರಗತಿಯ ಒಂದು ಗಂಟೆಯಲ್ಲಿ ಏನು ನಡೆಯುತ್ತದೆಂಬುದನ್ನು ಕೇಳದೆ ವರ್ಷಗಳನ್ನು ಕೂಡಿ ಕಳೆದು ಪ್ರಯೋಜನವೇನು? ಅಲ್ಲಿ ನಡೆಯುವುದನ್ನು ಅಧ್ಯಾಪಕರಾದ ನಾವು ಬಲ್ಲೆವು. ನಾವು ಟಿಪ್ಪಣಿ ಹೇಳುತ್ತೇವೆ, ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯ ದಿನ ಅದನ್ನು ನಮಗೇ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ.

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಭೇಟಿಯಾದ. ಕಲಾ ಪದವಿ ಪಡೆದು, ಮೊದಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆದು, ಬಳಿಕ ವಿಮೆಯ ಕಚೇರಿಯಲ್ಲಿದ್ದು, ಈಗ ಬೆಂಗಳೂರಿನಲ್ಲಿ ಯಂತ್ರಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿರುವವನು. ಕಾಲೇಜಿನ ಪಾಠ ಯಾವುದಾದರೂ ಉಪಯೋಗಕ್ಕೆ ಬಂದಿತೇ ಎಂದು ಕೇಳಿದೆವು. “ಸಾರ್, ನೀವು ಬರೆಸಿದ ನೋಟ್ಸು ಒಂದೂ ನೆನಪಿಲ್ಲ,” ಎಂದ. “ಆದರೆ ಒಂದು ದಿನ ಪುಸ್ತಕ ಮುಚ್ಚಿಸಿ, ನಾವು ಕಂಡರಿಯದ ಹಳಗನ್ನಡ ಪದ್ಯವೊಂದನ್ನು ಬೋರ್ಡಿನ ಮೇಲೆ ಬರೆದು, ನೀವೇ ಬಿಡಿಸಿ ಎಂದಿರಲ್ಲ, ಅದು ನೆನಪಿದೆ.” ಕ್ರಿಯಾಪದವನ್ನು ಹುಡುಕು, ಕರ್ತೃ ಯಾರೆಂದು ನೋಡು, ಸಂಧಿ ಬಿಡಿಸು, ತಿಳಿದ ಪದದ ಆಸರೆಯಿಂದ ತಿಳಿಯದ ಪದದ ಅರ್ಥವನ್ನು ಊಹಿಸು. ಅರ್ಥವಾಗದ ಕೈಪಿಡಿ ಎದುರಾದಾಗಲೆಲ್ಲ ಅವನು ಮಾಡುವುದು ಇದನ್ನೇ ಅಂತೆ. ನಮಗೆ ಸಂತೋಷವಾಯಿತು, ಆದರೆ ಅದು ಬಹಳ ಹೊತ್ತು ನಿಲ್ಲಲಿಲ್ಲ. ಅಂಥ ತರಗತಿ ನಡೆದದ್ದು ಒಂದು ದಿನ. ಉಳಿದ ದಿನಗಳ ಲೆಕ್ಕವನ್ನು ಅವನು ಕೇಳಲಿಲ್ಲ, ನಾವೇ ಹಾಕಿಕೊಂಡೆವು.

ಕೈಕಸುಬನ್ನೂ ಯಂತ್ರದ ಬಳಕೆಯನ್ನೂ ಕಾಲೇಜು ಕಲಿಸಬಾರದೆಂದು ಇದರ ಅರ್ಥವಲ್ಲ. ಪದವಿ ಮುಗಿದ ತಿಂಗಳಲ್ಲೇ ಮನೆಗೆ ಸಂಬಳ ತರಬೇಕಾದ ಹುಡುಗ ಹುಡುಗಿಯರು ನಮ್ಮ ತರಗತಿಗಳಲ್ಲಿದ್ದಾರೆ. ಅವರಿಗೆ ಕೂಡಲೇ ಕೈಹಿಡಿಯುವ ಕೌಶಲ ಬೇಕು. ಆದರೆ ಹತ್ತು ಉಪಕರಣಗಳ ಹೆಸರನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಒಂದನ್ನು ಬುಡದಿಂದ ಕಲಿಸುವುದು ಮೇಲು. ಒಂದನ್ನು ಹಾಗೆ ಕಲಿತವನಿಗೆ ಇನ್ನೊಂದನ್ನು ಕಲಿಯುವ ಬಗೆ ತಿಳಿಯುತ್ತದೆ. ಟಿಪ್ಪಣಿಯನ್ನಂತೂ ಈಗ ಯಂತ್ರವೇ ಕ್ಷಣಮಾತ್ರದಲ್ಲಿ ಬರೆದುಕೊಡುತ್ತಿದೆ. ಆ ಬರಹ ಸರಿಯೇ ತಪ್ಪೇ ಎಂದು ನಿರ್ಣಯಿಸಬಲ್ಲ ಮನಸ್ಸು ಬೇಕಾಗಿರುವುದು ಈಗಲೇ.

ಮಾಡಬೇಕಾದದ್ದು ಕಷ್ಟಸಾಧ್ಯವಾದುದೇನೂ ಅಲ್ಲ. ಪ್ರತಿ ವಿಷಯದ ಪ್ರಶ್ನಪತ್ರಿಕೆಯಲ್ಲೂ ವಿದ್ಯಾರ್ಥಿ ಹಿಂದೆ ಕಾಣದ ಒಂದು ಗದ್ಯಭಾಗವೋ ಸಮಸ್ಯೆಯೋ ಇರಲಿ; ಅದಕ್ಕೆ ಹೇರಳವಾಗಿ ಅಂಕವಿರಲಿ. ಪದವಿ ಮುಗಿಯುವ ಮುನ್ನ ಪ್ರತಿಯೊಬ್ಬರೂ ತಮಗೆ ತಿಳಿಯದ ಒಂದು ವಿಷಯವನ್ನು ತಾವಾಗಿ ಕಲಿತು, ಸಹಪಾಠಿಗಳ ಪ್ರಶ್ನೆಗಳಿಗೆ ಎದುರು ನಿಂತು ಉತ್ತರಿಸಲಿ. ವೃತ್ತಿ ಬದಲಾಗಿ ನಡುವಯಸ್ಸಿನಲ್ಲಿ ಮತ್ತೆ ಓದಬಯಸುವವರಿಗೂ ಕಾಲೇಜಿನ ಬಾಗಿಲು ತೆರೆದಿರಲಿ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆಯ ಮೂಲಕ ಪಾಠ ಕಳುಹಿಸತೊಡಗಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಆ ದಾರಿ ಹೊಸದಲ್ಲ, ಅದನ್ನು ಅಗಲಗೊಳಿಸಬೇಕಾಗಿದೆ.

“ಯಾವ ಕೆಲಸ ಸಿಕ್ಕುವುದೆಂದು ಹೇಳಲಾರೆವು, ಸಿಕ್ಕಿದ ಕೆಲಸ ಕೈಬಿಟ್ಟ ದಿನ ಇನ್ನೊಂದನ್ನು ಕಲಿಯಲು ನಿಮ್ಮ ಮಗ ಹೆದರದಂತೆ ಮಾಡುತ್ತೇವೆ.” ಪ್ರವೇಶಕ್ಕೆ ಬಂದ ತಂದೆಗೆ ಕಾಲೇಜು ಪ್ರಾಮಾಣಿಕವಾಗಿ ಕೊಡಬಹುದಾದ ಉತ್ತರ ಇದು. ಆ ಮಾತನ್ನಾಡುವ ಅಧಿಕಾರವನ್ನು ನಾವು ಇನ್ನೂ ಸಂಪಾದಿಸಬೇಕಾಗಿದೆ. ಹೊಸ ವರ್ಷದ ಮೊದಲ ತರಗತಿಗೆ ಹೋಗುವಾಗ ಟಿಪ್ಪಣಿಯ ಪುಸ್ತಕವನ್ನು ಅಧ್ಯಾಪಕರ ಕೊಠಡಿಯಲ್ಲೇ ಬಿಟ್ಟು ಹೋಗುವುದರಿಂದ ಆರಂಭಿಸಬಹುದು.